ನನ್ನ ನಂಬರಿನೊಳಗ ನಿಮ್ಮ ಹೆಸರು

ಇಲಕಲ್ಲ
೧೦ ಜೂನ್ ೨೦೨೫, ಮಂಗಳವಾರ

ಶಿವಗಂಗಾ ಅಕ್ಕಾರಿಗೆ,

ಮೊದಲ ನನ್ನ ಅಕ್ಷರಕ್ಕ ಕ್ಷಮಾ ಕೇಳತೇನಿ. ನಾ ಕಲಿತದ್ದು ನಾಕನೇ ಇಯತ್ತೆ ತನಕ. ಎಲ್ಲಿ ದೀರ್ಘ, ಎಲ್ಲಿ ಒತ್ತು ಅನ್ನೂದು ಇನ್ನೂ ಕೈಗೆ ಹತ್ತಿಲ್ಲ. ಗೀಟು ಹೊಡದಿದ್ದ ಹಾಳಿಯಾಗೂ ಸಾಲು ಡೊಂಕಾಗತಾವು. ತಪ್ಪಿದ್ದಲ್ಲಿ ನೀವ ತಿದ್ದಿಕೊಂಡು ಓದ್ರಿ.

ಇನ್ನೊಂದಕ್ಕೂ ಕ್ಷಮಾ ಕೇಳಬೇಕು. ನಿಮಗ ನಾ ಯಾರಂತ ಗೊತ್ತಿಲ್ಲ, ನನಗ ನಿಮ್ಮ ಮನಿ ಗುರುತು ಗೊತ್ತೈತಿ.

ನನ್ನ ಹೆಸರು ಸುಧಾರಾಣಿ. ಇಲ್ಲಿ ಮೌಲಾಬಿ ಅನ್ನೂವವರ ಮನಿಯಾಗ ಸೀರಿ ಮಗ್ಗದ ಕೆಲಸ ಮಾಡತೇನಿ. ನಮ್ಮವ್ವ ತೀರಿಕೊಂಡ ಮ್ಯಾಲೆ ಅವರ ನನ್ನನ್ನ ಮನಿಯಾಗ ಇಟ್ಟುಕೊಂಡಾರ. ಫೆಬ್ರುವರಿಯಾಗ ಒಂದು ಸಿಮ್ ತಗೊಂಡೆ. ಆ ನಂಬರ್ ಮೊದಲ ನಿಮ್ಮದಿತ್ತಂತ. ಕಂಪನಿಯವರು ಬಿಟ್ಟ ನಂಬರ್ ತಿರುಗಿ ಬ್ಯಾರೆಯವರಿಗೆ ಕೊಡತಾರ ಅನ್ನೂದು ನನಗ ಗೊತ್ತಿರಲಿಲ್ಲ. ಬಂದ ಮೊದಲನೇ ಸೋಮವಾರನ ಒಂದು ಫೋನ್ ಬಂತು. ವಯಸ್ಸಾದ ಹೆಣ್ಣುಮಗಳು, "ಶಿವಗಂಗಾ, ನಾನವಾ" ಅಂದರು.

ಅವರು ನಿಮ್ಮ ಅತ್ತಿ, ಗುರುಲಿಂಗವ್ವ. ಹುನಗುಂದದಿಂದ ಮಾಡತಾರ. ಸೋಮವಾರ ಮಗ ಮಾಲು ತರಾಕ ಬಾಗಲಕೋಟಿಗೆ ಹೋದ ಮ್ಯಾಲೆ ಬಾಜೂ ಮನಿಯವರ ಫೋನ್ ಇಸಗೊಂಡು ಅರ್ಧಾ ತಾಸು ಮಾತಾಡತಾರ. ಕಿವಿ ಮಂದ ಇರಬೇಕು ಅನಸತೈತಿ. ನಾ ಅಲ್ಲ, ತಪ್ಪು ನಂಬರ್ ಅಂತ ಹೇಳಾಕ ಸಂದು ಸಿಗೂದಿಲ್ಲ. ನನಗೂ ಮಾತು ಲಗೂನ ಬರೂದಿಲ್ಲ. ಶೇಂಗಾ ಹಿಂಡಿ ಕುಟ್ಟಿದ್ದು, ಖಾರ ಹೆಚ್ಚಾದದ್ದು, ಎಮ್ಮಿ ಕರ ಹಾಕಿದ್ದು, ನೀವು ಬಿಟ್ಟು ಹೋದ ಹಸರ ಕುಬಸಾ ಪೆಟ್ಟಿಗ್ಯಾಗ ಹಂಗ ಇರೂದು, ಎಲ್ಲಾ ಹೇಳತಾರ.

ನಾಕು ತಿಂಗಳಾತು. ಮೌಲಾಬಿ ಅವರ ಮಗಳು ಖುಶನುಮಾ ಕಾಲೇಜಿಗೆ ಹೋಗತಾಳ. ಮಂದಿನ್ನ ಹುಡುಕೂ ಸೈಟ್ ಇರತಾವಂತ. ಅದರಾಗ ನನ್ನ ನಂಬರ್ ಹಾಕಿದಳು. ನನ್ನ ಹೆಸರು ಬರತೈತಿ ಅಂತ ನಾ ನೋಡತಿದ್ದೆ. ನಿಮ್ಮ ಹೆಸರು ಬಂತು. ಶಿವಗಂಗಾ ಸಂಗಮೇಶ, ವಯಸ್ಸು ಮೂವತ್ತಮೂರು, ಹುನಗುಂದ. ಕೆಳಗ ಬಾದಾಮಿಯ ವಿಳಾಸ, ಹಿಟ್ಟಿನ ಗಿರಣಿ ಎದುರಿಗೆ ಅಂತ.

ಊರು ಬದಲಿ ಮಾಡಿ, ನಂಬರ್ ಬದಲಿ ಮಾಡಿ, ಅತ್ತಿಗೆ ತಿಳಿಸೂದು ಮರತೀರಿ ಅಂತ ತಿಳದು ಈ ಪತ್ರ ಬರದೇನಿ. ಒಂದು ಸಲ ಅವರ ಕೂಡ ಮಾತಾಡ್ರಿ. ಭಾಳ ನೆನಸತಾರ.

ಇಂತಿ,
ಸುಧಾರಾಣಿ


ಬಾದಾಮಿ
೨೧ ಜೂನ್ ೨೦೨೫

ಸುಧಾರಾಣಿ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ನನಗೆ ಮುಟ್ಟುವ ಮೊದಲ ಓಣಿಗೆಲ್ಲಾ ಮುಟ್ಟಿತು. ಅಂಚೆಯವರು ಗಿರಣಿ ಮುಂದ ನಿಂತು, ಇಲ್ಲಿ ಶಿವಗಂಗಾ ಅನ್ನೂವವರು ಯಾರ್ರಿ ಅಂತ ಕೇಳಿದರು. ಹಿಟ್ಟು ಬೀಸಾಕ ಬಂದ ಏಳೆಂಟು ಮಂದಿ ಇದ್ದರು. ನಾ ಕೈ ಮುಂದ ಮಾಡಿ ಇಸಗೊಂಡೆ. ಬ್ಯಾರೆ ದಾರಿ ಇರಲಿಲ್ಲ. ಈಗ ಎಲ್ಲಾರೂ ನನ್ನ ಮುಖ ಎರಡೆರಡು ಸಲ ನೋಡತಾರ.

ಇಲ್ಲಿ ನನ್ನ ಹೆಸರು ಶೈಲಾ. ಎರಡು ವರ್ಷದಿಂದ ಶೈಲಾ.

ನಾ ಏನೂ ಮರತಿಲ್ಲ. ಮರತೀರಿ ಅಂತ ಬರಿಯುವ ಮೊದಲ ನೀವು ಒಂದು ಸಲ ವಿಚಾರ ಮಾಡಬೇಕಿತ್ತು. ಫೋನಿನಾಗ ಯಾರಿಗೂ ಏನೂ ಹೇಳಬ್ಯಾಡ್ರಿ. ಈ ಕಾಗದಾ ಸುಟ್ಟು ಹಾಕ್ರಿ.

ಒಂದಕ್ಕ ಮಾತ್ರ ಉತ್ತರ ಬರೀರಿ. ಆ ಸೈಟಿನಾಗ ನನ್ನ ಮನಿ ಯಾರು ಬೇಕಾದರೂ ನೋಡಬಹುದೇನು? ಕವರಿನ ಮ್ಯಾಲೆ ಶೈಲಾ ಅಂತ ಬರೀರಿ.

ಶೈಲಾ

ಅತ್ತಿ ಮಾತಾಡುವಾಗ ಕೆಮ್ಮತಾರೇನು?


ಇಲಕಲ್ಲ
೨೬ ಜೂನ್ ೨೦೨೫, ಗುರುವಾರ

ಶೈಲಾ ಅಕ್ಕಾರಿಗೆ,

ನಿಮ್ಮ ಕಾಗದಾ ಓದಿ ಎರಡು ದಿನ ನನಗ ಮಗ್ಗದ ಮುಂದ ಕುಂದರಾಕ ಆಗಲಿಲ್ಲ. ಕುಂತರೂ ಎಳಿ ಹರಕೊಂಡೆ. ಮೌಲಾಬಿ ಅವರು ಏನಾತು ಅಂತ ಕೇಳಿದಾಗ, ಒಬ್ಬರ ಹೆಸರು ಓಣಿಯಾಗ ಚೆಲ್ಲಿ ಬಂದೇನಿ ಅಂದೆ. ಅವರು ಬೈಲಿಲ್ಲ. ಚೆಲ್ಲಿದ್ದನ್ನ ಬಳಕೊಳ್ಳಾಕ ಬರತೈತೇನು ಮೊದಲ ಅದನ್ನ ನೋಡು ಅಂದರು.

ಖುಶನುಮಾನ ಕೇಳಿದೆ. ಹೌದಂತ ಅಕ್ಕಾ. ಆ ನಂಬರ್ ಗೊತ್ತಿದ್ದವರು ಯಾರು ಹಾಕಿದರೂ ನಿಮ್ಮ ಮನಿ ಬರತೈತಿ. ಇಲ್ಲಿ ತನಕ ಯಾರೂ ಹಾಕಿಲ್ಲ ಅಂತ ಕಾಣತೈತಿ, ಅಷ್ಟ. ಅಳಿಸಾಕ ಅದರಾಗ ಒಂದು ಅರ್ಜಿ ಐತಂತ. ನಂಬರಿಗೆ ಆರು ಅಂಕಿ ಬರತಾವು, ಹತ್ತು ನಿಮಿಷದಾಗ ತುಂಬಬೇಕು. ನಂಬರ್ ನನ್ನ ಕಡೆ ಐತಿ. ನೀವು ಹ್ಞೂಂ ಅಂದರ ನಾವ ಮಾಡತೇವಿ. ಆದರ ಅದು ನಿಮ್ಮ ಹುಟ್ಟಿದ ತಾರೀಖು ಕೇಳತೈತಿ, ಆಧಾರ್ ಝೆರಾಕ್ಸ್ ಕೇಳತೈತಿ. ಗುರುತು ಇಲ್ಲದವಳ ಕೈಯಾಗ ಇಂಥಾದ್ದೆಲ್ಲಾ ಕೊಡ್ರಿ ಅಂತ ಹ್ಯಾಂಗ ಕೇಳಲಿ. ಕೇಳಿದ್ದಕ್ಕ ಸಿಟ್ಟಾಗಬ್ಯಾಡ್ರಿ.

ಕಾಗದಾ ಸುಟ್ಟೇನಿ.

ಕೆಮ್ಮು ಮೊದಲ ಇತ್ತು, ಈಗ ಕಡಿಮಿ. ಜ್ಯೇಷ್ಠಮಧು ತಿಂತಾರಂತ.

ನಿಮ್ಮ ಸುಧಾರಾಣಿ


ಬಾದಾಮಿ
೫ ಜುಲೈ ೨೦೨೫

ಸುಧಾರಾಣಿ,

ಒಂದು ವಾರ ಈ ಝೆರಾಕ್ಸ್ ತಲಿದಿಂಬಿನ ಕೆಳಗ ಇಟ್ಟುಕೊಂಡಿದ್ದೆ. ಅಡಗಬೇಕಂದರೂ ಅವರಿಗೆ ಎಲ್ಲಾ ತೋರಿಸಬೇಕು ಅನ್ನೂದು ನನಗ ತಿಳಿಯಲಿಲ್ಲ. ತಿಳಿಯದಿದ್ದರೂ ಕಳಿಸೇನಿ. ನೀ ಕಾಗದಾ ಸುಟ್ಟೇನಿ ಅಂತ ಬರದಿದ್ದಿ, ಯಾಕೋ ಖರೆ ಅನಿಸಿತು.

ಶೈಲಾ ನನ್ನ ತವರಮನಿ ಹೆಸರು. ಲಗ್ನದಾಗ ತಾಟಿನ ಅಕ್ಕಿ ಮ್ಯಾಲೆ ಉಂಗುರದಿಂದ ಹೊಸ ಹೆಸರು ಬರಸಿದರು, ಶಿವಗಂಗಾ ಅಂತ. ಆರಿಸಿದವರು ಅತ್ತಿ. ಆ ಹೆಸರಿಗೆ ಏನೂ ತಪ್ಪಿಲ್ಲ. ಹತ್ತು ವರ್ಷ ಅವರ ಬಾಯಾಗ ಅದು ಚಂದನ ಇತ್ತು.

ಎರಡು ವರ್ಷದ ಹಿಂದ ಒಂದು ಮುಂಜಾನೆ ಮಗಳ ಕೈ ಹಿಡಕೊಂಡು ಹುನಗುಂದದ ಸ್ಟ್ಯಾಂಡಿನಾಗ ಬಸ್ ಹತ್ತಿದೆ. ಕಾರಣ ಬರಿಯೂದಿಲ್ಲ. ನನ್ನ ಎಡಗಿವಿ ಇನ್ನೂ ಸರಿಯಾಗಿ ಕೇಳೂದಿಲ್ಲ, ಅಷ್ಟು ತಿಳಕೋ. ಎಲ್ಲಿ ಹೋದರೂ ಹುಡುಕಿ ಕೂಸಿನ್ನ ಕಸಗೊಂಡು ಬರತೇನಿ ಅಂತ ನಮ್ಮ ಮನಿಯವರು ಓಣಿಯವರ ಮುಂದ ಹೇಳ್ಯಾರ. ಮಗಳಿಗೆ ಈಗ ಏಳು ವರ್ಷ. ನಾ ಇಲ್ಲಿ ಸಾಲಿಯಾಗ ಬಿಸಿಊಟದ ಅಡಗಿ ಮಾಡತೇನಿ.

ವಿಳಾಸ ಹೊರಗ ಬಿದ್ದದ್ದು ನನ್ನಿಂದನ. ಇಲ್ಲಿಗೆ ಬಂದ ಹೊಸದಾಗ ಮಗಳ ಪಾಟೀಚೀಲಾ ಆನ್‌ಲೈನ್‌ನಾಗ ತರಿಸಿದ್ದೆ, ಹಳೇ ನಂಬರಿನಿಂದ. ತರೂವವರಿಗೆ ಮನಿ ಲಗೂ ಸಿಗಲಿ ಅಂತ ಹಿಟ್ಟಿನ ಗಿರಣಿ ಗುರುತು ನಾನ ಹಾಕಿದ್ದೆ. ಆಮ್ಯಾಲೆ ಸಿಮ್ ಮುರದು ಒಗದೆ. ಫೋನ್ ಇಟ್ಟುಕೊಂಡಿಲ್ಲ. ಮುರದರ ಮುಗೀತು ಅಂತ ತಿಳದಿದ್ದೆ.

ಜಲ್ದಿ ಮಾಡು ತಂಗಿ.

ಶೈಲಾ


ಇಲಕಲ್ಲ
೧೬ ಜುಲೈ ೨೦೨೫, ಬುಧವಾರ

ಅಕ್ಕಾರಿಗೆ,

ಕೆಲಸ ಆತು. ಮೊದಲ ಅದನ್ನ ಬರದು ಆಮ್ಯಾಲೆ ಉಳಿದದ್ದು ಬರೀತೇನಿ.

ಮೊದಲ ಸಲ ಅರ್ಜಿ ತಿರುಗಿ ಬಂತು. ಸೈಟಿನಾಗ ಇದ್ದದ್ದು ಶಿವಗಂಗಾ, ಆಧಾರ್‌ನಾಗ ಶೈಲಾ. ಎರಡೂ ಒಬ್ಬರಲ್ಲ, ಆದ್ದರಿಂದ ಅಳಿಸೂದಿಲ್ಲ ಅಂತ. ಖುಶನುಮಾ ಫೋನಿಗೆ ಬೈದಳು, ಹೆಣ್ಣಿಗೆ ಲಗ್ನದಾಗ ಹೆಸರು ಬದಲಿ ಮಾಡತಾರ ಅನ್ನೂದು ಇದಕ್ಕ ಯಾರು ಹೇಳಬೇಕು ಅಂತ. ಮೌಲಾಬಿ ಅವರು ಕಂಡಿಕಿಗೆ ನೂಲು ಸುತ್ತಕೋತ, ಅದನ್ನೂ ಒಂದು ಲಗ್ನಕ್ಕ ಕರಕೊಂಡು ಹೋಗಬೇಕಿತ್ತು, ಉಂಡು ಬರತಿತ್ತು ಅಂದರು. ಎಷ್ಟೋ ದಿನದ ಮ್ಯಾಲೆ ನಾ ನಕ್ಕೆ.

ಆಮ್ಯಾಲೆ ಬ್ಯಾರೆ ನಮೂನಿ ಅರ್ಜಿ ಹಾಕಿದಿವಿ. ನಾಕು ದಿನದಾಗ ಆತು. ಈಗ ಆ ನಂಬರ್ ಹಾಕಿದರ ಶಿವಗಂಗಾ ಬರೂದಿಲ್ಲ, ಹುನಗುಂದ ಬರೂದಿಲ್ಲ, ಬಾದಾಮಿ ಬರೂದಿಲ್ಲ. ಮೂರು ಸಲ ಹಾಕಿ ನೋಡೇನಿ. ಹ್ಯಾಂಗ ಮಾಡಿದ್ರಿ ಅಂತ ಕೇಳಬ್ಯಾಡ್ರಿ, ಖುಶನುಮಾ ಶಾಣ್ಯಾಕಿ ಅದಾಳ.

ಝೆರಾಕ್ಸ್ ಒಲಿಯಾಗ ಹಾಕಿದೆ. ಪೂರಾ ಬೂದಿ ಆಗೂ ತನಕ ನಿಂತು ನೋಡಿದೆ.

ನಿಮ್ಮ ಅತ್ತಿ ಈ ಸೋಮವಾರ ಮಾಡಿದ್ದರು. ಎಮ್ಮಿ ಕರ ಈಗ ಹುಲ್ಲು ಮೂಸತೈತಂತ.

ನಿಮ್ಮ ಸುಧಾರಾಣಿ


ಬಾದಾಮಿ
೨೮ ಜುಲೈ ೨೦೨೫

ತಂಗಿ ಸುಧಾ,

ನಮ್ಮ ಸಾಲಿ ಹೆಡ್ ಟೀಚರ್ ಬಾಯಾರು ಭಾಳ ಒಳ್ಳೆಯವರು. ನಿನ್ನ ಪತ್ರ ಬಂದ ಮ್ಯಾಲೆ ಅವರ ಫೋನಿನಾಗ ಆ ಸೈಟ್ ತಗಿಸಿ ನಂಬರ್ ಹಾಕಿಸಿದೆ. ಯಾಕಂತ ಅವರು ಕೇಳಲಿಲ್ಲ.

ಸುಧಾರಾಣಿ. ವಯಸ್ಸು ಇಪ್ಪತ್ತೊಂದು. ಇಲಕಲ್ಲ. ಓಣಿ ಹೆಸರು, ಮೌಲಾಬಿ ಅವರ ಮನಿ, ಎಲ್ಲಾ.

ಹುಚ್ಚಿ. ನನ್ನನ್ನ ಎಬ್ಬಿಸಿ ಆ ಜಾಗಾದಾಗ ನೀ ಹೋಗಿ ಕುಂತೀ. ನಂಬರ್ ನಂದು, ಇದು ನನ್ನ ಹೆಸರು, ಅದು ತಪ್ಪು ಅಂತ ನಿನ್ನ ಆಧಾರ್ ಕೊಟ್ಟು ಮಾಡೀ ಅಲ್ಲೇನು? ಅವರು ಒಂದು ದಿನ ಆ ನಂಬರ್ ಹಾಕೇ ಹಾಕತಾರ. ಆಗ ನಿನ್ನ ಬಾಗಲಕ್ಕ ಬಂದರ? ಅವರ ಸಿಟ್ಟು ನೀ ನೋಡಿಲ್ಲ. ನಿನಗ ಹಿಂದ ಮುಂದ ಯಾರದಾರ? ಎಷ್ಟು ಲಗೂ ಆಗತೈತಿ ಅಷ್ಟು ಲಗೂ ಅದನ್ನ ತಗಸು. ನನ್ನ ಹೆಸರು ತಿರುಗಿ ಬಂದರೂ ನಡೀತೈತಿ. ನಾ ಬ್ಯಾರೆ ಊರು ನೋಡಕೋತೇನಿ.

ಇನ್ನೊಂದು ಮಾತು. ನಮ್ಮ ಅತ್ತಿಗೆ ಕಿವಿ ಮಂದ ಅಂತ ಬರದಿದ್ದಿ. ಅಟ್ಟದ ಮ್ಯಾಲೆ ಇಲಿ ನಡದರ ಪಡಸಾಲಿಯಾಗ ಎಚ್ಚರ ಆಗೂ ಹೆಣ್ಣುಮಗಳು ಅವರು. ಯಾರೂ ಓ ಅನ್ನದ ಅವರು ಅರ್ಧಾ ತಾಸು ಮಾತಾಡೂವವರಲ್ಲ. ನೀ ಮಾತಾಡೀ ಏನು? ಖರೆ ಹೇಳು. ಬೈಯೂದಿಲ್ಲ.

ನಿನ್ನ ಅಕ್ಕ


ಇಲಕಲ್ಲ
೧೨ ಆಗಸ್ಟ್ ೨೦೨೫, ಮಂಗಳವಾರ

ಅಕ್ಕಾ,

ಖರೆ ಹೇಳತೇನಿ. ಮಾತಾಡೇನಿ.

ಮೂರನೇ ಸೋಮವಾರ ಅವರು, ಊಟಾತೇನವಾ ಅಂತ ಕೇಳಿದರು. ನಮ್ಮವ್ವ ಹೋದ ಮ್ಯಾಲೆ ಫೋನ್ ಮಾಡಿ ನನ್ನ ಹಂಗ ಕೇಳಿದವರು ಯಾರೂ ಇಲ್ಲ. ನನ್ನ ಬಾಯಿಂದ ಹ್ಞೂಂ ಅಂತ ಬಂದುಬಿಟ್ಟಿತು. ಅದರ ಮುಂದಿನ ವಾರ, ಹ್ಞೂಂ ಅತ್ತಿ ಅಂದೆ. ಆಮ್ಯಾಲೆ ಪ್ರತಿ ವಾರ ಅಂದೇನಿ. ಹ್ಞೂಂ ಅತ್ತಿ, ಇಲ್ಲ ಅತ್ತಿ, ಹೌದೇನ್ರಿ ಅತ್ತಿ. ಅದಕ್ಕಿಂತ ಹೆಚ್ಚಿಗಿ ಏನೂ ಹೇಳಿಲ್ಲ, ನಮ್ಮವ್ವನ ಆಣೆ. ನಿಮ್ಮ ಪಾಲಿನ ಮಾತು ನಾ ತಗೊಂಡೆ. ಅದಕ್ಕ ಮೊದಲನೇ ಕಾಗದದಾಗ ಅವರಿಗೆ ಕಿವಿ ಮಂದ ಅಂತ ಬರದೆ. ಸೈಟಿನಾಗ ನನ್ನ ಹೆಸರು ಹಾಕಿದ್ದು ದೊಡ್ಡ ಉಪಕಾರ ಏನಲ್ಲ. ತಗೊಂಡದ್ದಕ್ಕ ಅಷ್ಟಾದರೂ ಕೊಡಬೇಕಲ್ಲಾ ಅನಿಸಿತ್ತು.

ಈಗ ಆದದ್ದು ಹೇಳತೇನಿ, ಹೆದರಬ್ಯಾಡ್ರಿ, ಎಲ್ಲಾ ಮುಗದೈತಿ.

ಹೋದ ಶುಕ್ರವಾರ ಅವರು ಫೋನ್ ಮಾಡಿದರು, ನಿಮ್ಮ ಮನಿಯವರು. ಬಾಜೂ ಮನಿ ಫೋನಿನಾಗ ಅತ್ತಿ ಪ್ರತಿ ಸೋಮವಾರ ಒಂದ ನಂಬರಿಗೆ ಮಾಡೂದು ಅವರ ಕಣ್ಣಿಗೆ ಬಿತ್ತಂತ. ಹಲೋ ಅನ್ನೂ ಮೊದಲ, "ನೀ ಸುಧಾರಾಣಿ ಏನು? ಇಲಕಲ್ಲದಾಕಿ?" ಅಂದರು. ಓದಕೋತ ಕೇಳತಿದ್ದರು ಅನ್ನೂದು ದನಿಯಾಗನ ಗೊತ್ತಾತು. ಮೌಲಾಬಿ ಅವರು ಬೆನ್ನ ಮ್ಯಾಲೆ ಕೈ ಇಟ್ಟರು. ಹೌದ್ರಿ ಅಂದೆ. ಶಿವಗಂಗಾ ಎಲ್ಲಿ ಅಂದರು. ನನಗ ಗೊತ್ತಿಲ್ರಿ, ಈ ನಂಬರ್ ನಾ ಹೊಸದಾಗಿ ತಗೊಂಡೇನಿ, ಒಬ್ಬರು ಅಜ್ಜಿ ತಪ್ಪಿ ಮಾಡತಾರ ಅಂದೆ. ಸುಳ್ಳು ಹೇಳಿದೆ ಅಕ್ಕಾ, ಮುಖ ಎಲ್ಲಾ ಬಿಸಿ ಆತು. ಅವರು ಎದುರಿಗೆ ಇದ್ದಿದ್ದರ ಸಿಕ್ಕಬೀಳತಿದ್ದೆ. "ಇದರಾಗೂ ನಿಂದ ಹೆಸರೈತಿ" ಅಂತ ಇಟ್ಟುಬಿಟ್ಟರು. ನನ್ನ ಮಾತು ನಂಬಲಿಲ್ಲ ಅಕ್ಕಾ, ಸೈಟ್ ನಂಬಿದರು.

ಮತ್ತ ಮಾಡಿಲ್ಲ. ಇತ್ತ ಬಂದೂ ಇಲ್ಲ.

ನಿನ್ನೆ ಸೋಮವಾರ ಅತ್ತಿ ಮಾಡೂದಿಲ್ಲ ಅಂತ ತಿಳದಿದ್ದೆ. ಸೆರಗಿನ ಎಳಿಗೂ ಒಡಲಿನ ಎಳಿಗೂ ಕೊಂಡಿ ಹಾಕಕೋತ ಕುಂತಿದ್ದೆ. ಮಧ್ಯಾಹ್ನ ಫೋನ್ ಬಂತು, ಬ್ಯಾರೆ ಯಾರದೋ ನಂಬರಿನಿಂದ.

"ನಿನಗ ಸುಧಾರಾಣಿ ಅಂತಾರೇನವಾ?" ಅಂದರು.

ನಾ ಅಳಾಕ ಹತ್ತಿದೆ. ತಪ್ಪಾತ್ರಿ, ಮೋಸ ಮಾಡಿದೆ ಅಂದೆ. ಅವರು ನಕ್ಕರು. ಮೊದಲನೇ ದಿನಾನ ತಿಳದಿತ್ತಂತ. "ನನ್ನ ಸೊಸಿ ಒಂದು ಮಾತಿಗೆ ಎರಡು ಮಾತು ಕೊಡಾಕಿ. ಹ್ಞೂಂ ಅಂತ ಕುಂದರೂ ಪೈಕಿ ಅಲ್ಲ" ಅಂದರು.

ಮತ್ತ ಯಾಕ ಮಾಡತಿದ್ರಿ ಅಂತ ಕೇಳಿದೆ. ಒಂದೂವರಿ ವರ್ಷ ಆ ನಂಬರಿಗೆ ಮಾಡಿದಾಗೆಲ್ಲಾ ಒಬ್ಬಾಕಿ ಬಂದ್ ಐತಿ, ಬಂದ್ ಐತಿ ಅಂತಿದ್ದಳಂತ. "ಅಕಿಗಿಂತ ನೀ ಬೇಸಿ ಇದ್ದಿ" ಅಂದರು.

ಆಗ ನನ್ನ ಮನಸ್ಸು ತಡೀಲಿಲ್ಲ. ಅಕ್ಕನ ಊರು ನನಗ ಗೊತ್ತೈತ್ರಿ, ಅಕ್ಕನ ಕೇಳಿ ನಿಮಗೊಬ್ಬರಿಗೆ ಹೇಳಲೇನು ಅಂದೆ.

"ಬ್ಯಾಡ" ಅಂದರು. ಅಷ್ಟು ಗಟ್ಟಿಯಾಗಿ ಅವರು ಎಂದೂ ಮಾತಾಡಿರಲಿಲ್ಲ. "ಊರ ಹೆಸರು ನನ್ನ ಕಿವಿಗೆ ಹಾಕಬ್ಯಾಡ. ಅವ ದಿನಾ ಕೇಳತಾನ. ಗೊತ್ತಿಲ್ಲಪಾ ಅಂತೇನಿ, ಅದು ಖರೇನ ಐತಿ. ಖರೆ ಇರೂದಕ್ಕ ನನಗ ಧೈರ್ಯಾ ಐತಿ. ಅಕಿ ಎಲ್ಲಿದ್ದಾಳ ಅನ್ನೂದು ನನಗ ಬೇಕಾಗಿಲ್ಲವಾ. ಇದ್ದಾಳಲ್ಲಾ."

ಆಮ್ಯಾಲೆ ಒಂದು ಮಾತು ಕೇಳಿದರು. ಕೂಸಿನ ಮುಂದಿನ ಹಲ್ಲು ಬಿದ್ದಾವೇನು ಅಂತ. ಅದೊಂದು ಕೇಳಿ ಹೇಳು ಅಂದರು.

ನನಗ ಬೈಯೂದಿದ್ದರ ಬೈದು, ಹಲ್ಲಿಂದು ಮಾತ್ರ ಬರೀರಿ.

ನಿಮ್ಮ ಸುಧಾ


ಬಾದಾಮಿ
೨೦ ಆಗಸ್ಟ್ ೨೦೨೫

ಸುಧಾ,

ನಿನ್ನ ಕಾಗದಾ ಅಡಗಿ ಮನಿಯಾಗ ನಿಂತು ಓದಿದೆ. ಸಾರು ಹತ್ತಿತು. ಮಕ್ಕಳು ಇವತ್ತ ಕರಕ ವಾಸನಿ ಸಾರು ಉಂಡರು.

ನೀ ತಗೊಂಡ ಮಾತು ನನ್ನ ಪಾಲಿನದಲ್ಲ. ಅದು ನಾ ಬಿಟ್ಟು ಬಂದದ್ದು. ಬಿಟ್ಟು ಬಂದಾಗಿಂದ ಅವರ ಕೂಡ ಯಾರು ಮಾತಾಡತಾರ ಅನ್ನೂ ಚಿಂತಿ ಇತ್ತು. ಇನ್ನ ಇಲ್ಲ. ಹ್ಞೂಂ ಅನ್ನೂದು ಬಿಡಬ್ಯಾಡ.

ಹೇಳು: ಮ್ಯಾಲಿನ ಎರಡೂ ಬಿದ್ದಾವು. ಒಂದು ಸಾಲಿಯಾಗ, ಒಂದು ಜ್ವಾಳದ ರೊಟ್ಟಿ ಕಡಿವಾಗ. ಒಂದು ಹೊಸಾದು ಡೊಂಕ ಮೂಡೇತಿ. ಸ ಅನ್ನಾಕ ಬರೂದಿಲ್ಲ, ಥ ಅಂತಾಳ. ಶಿವಗಂಗಾ ಹೇಳ್ಯಾಳ ಅನ್ನು.

ನಿನ್ನ ಹೆಸರು ತಗಸೂದು ಮರೀಬ್ಯಾಡ. ಇದನ್ನ ಬೇಡಿಕೊಂಡು ಬರದೇನಿ.

ಅಕ್ಕ


ಇಲಕಲ್ಲ
೨೬ ಆಗಸ್ಟ್ ೨೦೨೫, ಮಂಗಳವಾರ

ಅಕ್ಕಾ,

ನಿನ್ನೆ ಹೇಳಿದೆ. ಹಲ್ಲು, ರೊಟ್ಟಿ, ಡೊಂಕ ಮೂಡಿದ್ದು, ಥ ಅನ್ನೂದು, ಒಂದೂ ಬಿಡದ ಹೇಳಿದೆ. ಅತ್ತಿ ಎರಡು ಸಲ, ಥ ಅಂತಾಳೇನು, ಥ ಅಂತಾಳೇನು ಅಂದರು. ಕೂಸಿನ ಅಪ್ಪಗೂ ಸಣ್ಣವಿದ್ದಾಗ ಹಂಗ ಡೊಂಕ ಮೂಡಿತ್ತಂತ, ಆಗ ಅವ ಎಲ್ಲಾರಿಗೂ ಹಲ್ಲು ತೋರಿಸಕೋತ ಅಡ್ಯಾಡತಿದ್ದನಂತ. ಇದನ್ನ ನಿಮಗ ಬರೀಲೋ ಬ್ಯಾಡೋ ಅಂತ ರಾತ್ರಿ ಎಲ್ಲಾ ವಿಚಾರ ಮಾಡಿದೆ. ಅತ್ತಿ ಅಳಕೋತ ಹೇಳಿದರು, ಅದಕ್ಕ ಬರದೇನಿ.

ನನ್ನ ಹೆಸರು ತಗಸಾಕ ಖುಶನುಮಾ ಅರ್ಜಿ ಹಾಕ್ಯಾಳ. ತೊಂಬತ್ತು ದಿನ ಹಿಡೀತೈತಂತ. ಹಾಕೂವಾಗ ನಾಕು ದಿನ, ತಗಿವಾಗ ಮೂರು ತಿಂಗಳು. ಇರಲಿ, ಅಷ್ಟರ ತನಕ ಬಾಗಲಕ್ಕ ಮೌಲಾಬಿ ಅವರು ಅದಾರ. ಅವರನ್ನ ದಾಟಿ ಬರೂ ಗಂಡಸು ಈ ಓಣಿಯಾಗ ಇನ್ನೂ ಹುಟ್ಟಿಲ್ಲ ಅಂತ ಅವರ ಹೇಳತಾರ. ನಂಬರ್ ನಾ ಬಿಡೂದಿಲ್ಲ. ಬಿಟ್ಟರ ಮತ್ತ ಯಾರ ಕೈಗೆ ಹೋಗತೈತೋ.

ನಾಳೆ ಚೌತಿ. ಇವತ್ತ ಮುಂಜಾನೆ ಕುಬಸದ ಅರಿವಿ ತರಾಕ ಅಂಗಡಿಗೆ ಹೋಗಿದ್ದೆ. ಭಾಳ ಗದ್ದಲಿತ್ತು. ಬಿಲ್ಲು ಬರಿಯುವ ಹೆಣ್ಣುಮಗಳು ತಲಿ ಎತ್ತದ, ಫೋನ್ ನಂಬರ್ ಹೇಳ್ರಿ ಅಂದಳು. ಇಲ್ಲಿ ತನಕ ಯಾರು ಕೇಳಿದರೂ ಹೇಳೇನಿ. ಇಲ್ಲ ಅನ್ನಾಕ ನನಗ ನಾಚಿಕಿ ಬರತೈತಿ. ಹಿಂದ ಮಂದಿ ನಿಂತಿದ್ದರು. ಕೊಡೂದಿಲ್ರಿ ಅಂದೆ. ಅಕಿಗೆ ಕೇಳಲಿಲ್ಲ, ಏನ್ರಿ ಅಂದಳು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಕೊಡೂದಿಲ್ಲ ಅಂದೆ. ಅಕಿ ನನ್ನ ಮುಖ ನೋಡಿ, ಆ ಜಾಗಾ ಖಾಲಿ ಬಿಟ್ಟು ಬಿಲ್ಲು ಹರದು ಕೊಟ್ಟಳು.

ಸುಧಾ